ಹೈಸ್ಕೂಲು ಮಕ್ಕಳ ಜೊತೆ ಜರ್ಮನಿಗೆ ಹೊರಟಿರುವ ದಾವಣಗೆರೆಯವರಿಗೆ

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ಯಾರಾದರೂ ಮನೆಗೆ ಬಂದು ಕೇಳುತ್ತಾರೆ. "ನಮ್ಮನೆಯವ್ರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಮಗ ಒಂಬತ್ತನೇ ಕ್ಲಾಸು, ಮಗಳು ಐದನೇ ಕ್ಲಾಸು. ಯಾವಾಗ ಹೊರಟ್ರೆ ಒಳ್ಳೇದು?" ಸಂಬಳ, ಬಾಡಿಗೆ, ತೆರಿಗೆ ಎಲ್ಲಾ ಆಗಲೇ ಲೆಕ್ಕ ಹಾಕಿರುತ್ತಾರೆ. ಮಗಳ ಬಗ್ಗೆ ಚಿಂತೆ ಬೇಡ ಅಂತ ಹೇಳುತ್ತೇನೆ, ಆ ವಯಸ್ಸಿನವರು ಹೇಗೋ ಹೊಂದಿಕೊಳ್ಳುತ್ತಾರೆ. ಮಗನ ವಿಷಯಕ್ಕೆ ಮಾತ್ರ ಅರ್ಧ ದಿನ ಕೂತು ಮಾತಾಡಬೇಕಾಗುತ್ತದೆ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಸ್ಟುಟ್‌ಗಾರ್ಟ್ ಹತ್ತಿರ ನೆಲೆಸಿ ಬಹಳ ವರ್ಷವಾಯಿತು. ನಮ್ಮ ಕಡೆಯಿಂದ ಬಂದ ಹಲವು ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಕಂಪನಿಯ ಜಾಯಿನಿಂಗ್ ಡೇಟ್ ನೋಡಿ ಮಕ್ಕಳ ಟಿಕೆಟ್ ಮಾಡಿಸಬೇಡಿ. ಮಗು ಯಾವ ಕ್ಲಾಸಲ್ಲಿದೆ, ಎಷ್ಟು ಜರ್ಮನ್ ಬರುತ್ತದೆ ಅಂತ ನೋಡಿ ಮಾಡಿಸಿ.

"ನಮ್ಮ ಹುಡುಗ ಇಂಗ್ಲಿಷ್ ಮೀಡಿಯಂ, ಏನೂ ತೊಂದ್ರೆ ಇಲ್ಲ" ಅನ್ನುವವರೇ ಜಾಸ್ತಿ. ಇಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ, ಪಾಠವೂ ಚೆನ್ನಾಗಿರುತ್ತದೆ. ಆದರೆ ಗಣಿತ, ವಿಜ್ಞಾನ, ಇತಿಹಾಸ ಎಲ್ಲವೂ ಜರ್ಮನ್‌ನಲ್ಲಿ. ಇಂಗ್ಲಿಷ್ ಒಂದು ವಿಷಯ ಮಾತ್ರ. ಇಂಗ್ಲಿಷ್‌ನಲ್ಲಿ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಗಳಿವೆ, ಆದರೆ ಕಂಪನಿ ಫೀಸು ಕಟ್ಟದಿದ್ದರೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಶಾಲೆಗಳಲ್ಲೂ ಬೇರೆ ಬೇರೆ ದಾರಿಗಳಿವೆ. ಗಿಮ್ನಾಜಿಯಂಗೆ ಹೋದವರು ಆಬಿಟೂರ್ ಪರೀಕ್ಷೆ ಬರೆದು ಯೂನಿವರ್ಸಿಟಿಗೆ ಹೋಗುತ್ತಾರೆ. ರೆಯಾಲ್‌ಶೂಲೆಯವರು ಹತ್ತನೇ ಕ್ಲಾಸು ಮುಗಿಸಿ ಮುಂದೆ ಓದಬಹುದು, ಇಲ್ಲ ಕೆಲಸ ಕಲಿಯಲು ಹೋಗಬಹುದು. ಹೊಸದಾಗಿ ಬಂದ ಮಗುವನ್ನು ಸಾಮಾನ್ಯವಾಗಿ ಮೊದಲು ಭಾಷೆ ಕಲಿಸುವ ತರಗತಿಗೆ ಹಾಕುತ್ತಾರೆ. ನಿಯಮ ಆಯಾ ರಾಜ್ಯದ್ದು. ನಮ್ಮ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಇರುವಂತೆ ಬರ್ಲಿನ್‌ನಲ್ಲಿ ಇರುವುದಿಲ್ಲ.

ಆರನೇ, ಏಳನೇ ಕ್ಲಾಸಿನ ಮಕ್ಕಳನ್ನು ಧೈರ್ಯವಾಗಿ ಕರೆತನ್ನಿ. ಎಂಟನೇ ಕ್ಲಾಸಾದರೆ ಸ್ವಲ್ಪ ಜರ್ಮನ್ ಕಲಿಸಿ ಕರೆತನ್ನಿ. ಒಂಬತ್ತು, ಹತ್ತರ ನಡುವೆ ಮಾತ್ರ ಕೀಳಬೇಡಿ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಆ ವಯಸ್ಸಿನಲ್ಲಿ ಬಂದರೆ ಅಲ್ಲಿನ ಎಸ್‌ಎಸ್‌ಎಲ್‌ಸಿಯೂ ಇರುವುದಿಲ್ಲ, ಇಲ್ಲಿನ ಪರೀಕ್ಷೆ ಬರೆಯುವಷ್ಟು ಭಾಷೆಯೂ ಬಂದಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಲಿ. ಪರೀಕ್ಷೆ ಬೇಸಿಗೆಗೆ ಮುಗಿಯುತ್ತದೆ, ಇಲ್ಲಿ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ನಡುವಿನ ತಿಂಗಳುಗಳು ಪೂರ್ತಿ ಜರ್ಮನ್‌ಗೆ ಸಿಗುತ್ತವೆ.

ಎಸ್‌ಎಸ್‌ಎಲ್‌ಸಿಗೆ ಇನ್ನೊಂದು ಕಾರಣವೂ ಇದೆ. ಜೆಜೆಎಂನಲ್ಲಿ ಮೆಡಿಕಲ್, ಬಿಐಇಟಿಯಲ್ಲಿ ಎಂಜಿನಿಯರಿಂಗ್ ಅನ್ನುವ ಆಸೆ ನಮ್ಮೂರಿನ ಯಾವ ಮನೆಯಲ್ಲಿ ಇಲ್ಲ ಹೇಳಿ! ನಾಳೆ ಮಗು ವಾಪಸ್ ಬಂದು ಕರ್ನಾಟಕದ ಕೋಟಾದಲ್ಲಿ ಸೀಟು ಕೇಳಬೇಕಾದರೆ, ಹೆಚ್ಚಿನವರಿಗೆ ಅನ್ವಯಿಸುವ ನಿಯಮದ ಪ್ರಕಾರ ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ಎರಡನೇ ಪಿಯುಸಿಯನ್ನು ಕರ್ನಾಟಕದಲ್ಲೇ ಪಾಸಾಗಿರಬೇಕು. ಎಂಟನೇ ಕ್ಲಾಸಿಗೇ ಕರೆತಂದರೆ ಈ ಬಾಗಿಲು ಮುಚ್ಚುತ್ತದೆ. ಗೊತ್ತಿದ್ದೇ ಮುಚ್ಚಿದರೆ ಪರವಾಗಿಲ್ಲ. ಹೊರಡುವ ಮುಂಚೆ ಆ ವರ್ಷದ ಸಿಇಟಿ ಕೈಪಿಡಿಯನ್ನು ಒಂದು ಸಲ ಓದಿಬಿಡಿ.

"ಹಾಗಾದರೆ ಅವರಪ್ಪ ಮುಂಚೆ ಹೋಗಲಿ, ನಾವು ಹಿಂದೆ ಬರ್ತೀವಿ" ಅನ್ನುತ್ತಾರೆ. ಇಲ್ಲಿ ಮಗುವಿನ ಹುಟ್ಟಿದ ದಿನ ನೋಡಬೇಕು. 16 ತುಂಬಿದ ಮಗು ತಂದೆ ತಾಯಿಯ ಜೊತೆಗೇ ಬರದೆ ಆಮೇಲೆ ಬರುವುದಾದರೆ, ಸಾಮಾನ್ಯವಾಗಿ ಸಿ1 ಮಟ್ಟದ ಜರ್ಮನ್ ಇರಬೇಕು ಅಂತ ವೀಸಾ ಕಾನೂನು ಕೇಳುತ್ತದೆ. ಸಿ1 ಅಂದರೆ ಕಾಲೇಜಿನಲ್ಲಿ ಓದುವಷ್ಟು ಭಾಷೆ, ಸುಲಭವಲ್ಲ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಕೆಲಸಗಾರರಿಗೆ ಕೊಡುವ ಪರ್ಮಿಟ್, ಇರುವವರ ಮಕ್ಕಳಿಗೆ ವಿನಾಯಿತಿ ಇದೆ. ನಿಮ್ಮದು ಯಾವ ಬಗೆಯ ಪರ್ಮಿಟ್ ಅಂತ ಕಂಪನಿಯವರನ್ನು ಬರವಣಿಗೆಯಲ್ಲೇ ಕೇಳಿ. 18 ತುಂಬಿದ ಮೇಲೆ ಅರ್ಜಿ ಹಾಕಿದರೆ ಮಗ ಅಥವಾ ಮಗಳು ಅನ್ನುವ ಲೆಕ್ಕದಲ್ಲಿ ವೀಸಾ ಸಿಗುವುದಿಲ್ಲ, ವಿದ್ಯಾರ್ಥಿ ವೀಸಾ ನೋಡಬೇಕಾಗುತ್ತದೆ.

ಪಿಯುಸಿಗೆ ಸೇರಿಬಿಟ್ಟಿದ್ದರೆ ಎರಡೂ ವರ್ಷ ಮುಗಿಸಲಿ. ಮೊದಲ ವರ್ಷ ಓದಿ ಬಿಟ್ಟು ಬಂದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿ ಆದವರಿಗೂ ಇಲ್ಲಿನ ಯೂನಿವರ್ಸಿಟಿಗೆ ನೇರ ಪ್ರವೇಶ ಸಾಮಾನ್ಯವಾಗಿ ಇಲ್ಲ. ಸ್ಟೂಡಿಯನ್‌ಕೊಲೆಗ್ ಅನ್ನುವ ಒಂದು ವರ್ಷದ ತಯಾರಿ ಕೋರ್ಸ್ ಮಾಡಬೇಕು, ಇಲ್ಲವೇ ಭಾರತದಲ್ಲೇ ಒಂದು ವರ್ಷ ಡಿಗ್ರಿ ಓದಿರಬೇಕು. ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ಎಂಜಿನಿಯರಿಂಗ್, ವಿಜ್ಞಾನದ ಕಡೆ ದಾರಿ ಸಲೀಸು.

ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದ ಹುಡುಗನನ್ನು ವೃತ್ತಿ ಶಾಲೆಯ ಭಾಷಾ ತರಗತಿಗೆ ಹಾಕಿದಾಗ ಅಪ್ಪ ಅಮ್ಮ ಕುಸಿದು ಹೋಗುತ್ತಾರೆ. "ಶೇಕಡಾ 95 ತಗೊಂಡವನನ್ನ ಐಟಿಐಗೆ ಹಾಕಿದ್ರಲ್ಲಾ" ಅಂತ ಒಬ್ಬ ತಾಯಿ ನನ್ನ ಮುಂದೆ ಅತ್ತಿದ್ದಾರೆ. ಅದು ಐಟಿಐ ಅಲ್ಲ, ಭಾಷೆ ಬರುವ ತನಕ ನಿಲ್ಲುವ ಜಾಗ. ಭಾಷೆ ಬಂದ ಮೇಲೆ ಅದೇ ವೃತ್ತಿ ಶಾಲೆಗಳಲ್ಲಿ ಮೂರು ವರ್ಷ ಓದಿ ಆಬಿಟೂರ್ ಬರೆಯಬಹುದು. ಊರಿನ ಗೆಳೆಯರಿಗಿಂತ ಒಂದೆರಡು ವರ್ಷ ಹಿಂದೆ ಬೀಳುತ್ತಾನೆ. ಬೀಳಲಿ ಬಿಡಿ. ಇಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ. ಔಸ್‌ಬಿಲ್ಡುಂಗ್ ಅಂದಾಗಲೂ ಮುಖ ಸಿಂಡರಿಸಬೇಡಿ. ಕಂಪನಿಯಲ್ಲಿ ಸಂಬಳ ತೆಗೆದುಕೊಂಡು ಕೆಲಸ ಕಲಿಯುತ್ತಾ, ಜೊತೆಗೆ ಶಾಲೆಗೂ ಹೋಗುವ ತರಬೇತಿ ಅದು. ಹೆಚ್ಚಾಗಿ ಮೂರು ವರ್ಷದ್ದು. ಅದನ್ನು ಮುಗಿಸಿದವರಿಗೆ ಇಲ್ಲಿ ಒಳ್ಳೆ ಮರ್ಯಾದೆ ಇದೆ.

ಇನ್ನು ಜರ್ಮನ್ ಕಲಿಕೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ, ಆನ್‌ಲೈನ್ ಕೂಡ ಸಿಗುತ್ತದೆ. ಮಗು ಬಿ1 ತನಕ, ಅಂದರೆ ದಿನದ ಮಾತುಕತೆ ನಡೆಸುವಷ್ಟು, ಕಲಿತು ಬಂದರೆ ಮೊದಲ ವರ್ಷದ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಆದರೆ ಮಗುವನ್ನು ಕ್ಲಾಸಿಗೆ ಕಳಿಸಿ ನೀವು ಟಿವಿ ಮುಂದೆ ಕೂರಬೇಡಿ, ನೀವೂ ಕಲಿಯಿರಿ. ಹೀಗೆ ಹೇಳಲು ಕಾರಣವಿದೆ. ಇಲ್ಲಿ ಎಲ್ಲವೂ ಅಂಚೆಯಲ್ಲಿ ಬರುತ್ತದೆ. ವಿಮೆ, ತೆರಿಗೆ, ಬಾಡಿಗೆ ಮನೆ, ಶಾಲೆ, ಎಲ್ಲದಕ್ಕೂ ಎರಡು ಪುಟದ ಪತ್ರ. ಆರು ತಿಂಗಳಾದ ಮೇಲೆ ಮನೆಯಲ್ಲಿ ಚೆನ್ನಾಗಿ ಜರ್ಮನ್ ಬರುವುದು ಹದಿನಾಲ್ಕರ ಮಗಳಿಗೆ ಮಾತ್ರ. ಪತ್ರ ಓದುವವಳು ಅವಳೇ. ಡಾಕ್ಟರ ಹತ್ತಿರ ಅಮ್ಮನ ಮುಟ್ಟಿನ ತೊಂದರೆಯನ್ನು ಹೇಳುವವಳೂ ಅವಳೇ. ಅಪ್ಪನ ಪರ್ಮಿಟ್ ಯಾಕೆ ತಡವಾಯಿತು ಅಂತ ಆಫೀಸಿನಲ್ಲಿ ಕೇಳುವವಳೂ ಅವಳೇ. ನೋಡುವವರಿಗೆ ಜಾಣೆ ಅನ್ನಿಸುತ್ತದೆ. ನನಗೆ ಮಾತ್ರ ಹೊಟ್ಟೆ ಚುರುಕ್ ಅನ್ನುತ್ತದೆ. ಮನೆಯ ಭಾರ ಆ ವಯಸ್ಸಿನ ಹೆಗಲಿಗೆ ಬೇಡ.

ಶಾಲೆಯ ವಿಷಯದಲ್ಲಿ ಎರಡು ಮಾತು ಮೊದಲೇ ತಿಳಿದಿರಲಿ. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು. ಇನ್ನೊಂದು, ಕ್ಲಾಸಿನಲ್ಲಿ ಕೈ ಎತ್ತಿ ಮಾತಾಡುವುದಕ್ಕೂ ಅಂಕ ಇದೆ, ಅದೇನು ಸಣ್ಣ ಪಾಲಲ್ಲ. ನಾವು ಮಕ್ಕಳಿಗೆ "ಮೇಷ್ಟ್ರ ಮುಂದೆ ಬಾಯಿ ಮುಚ್ಕೊಂಡು ಕೂತ್ಕೋ" ಅಂತ ಕಲಿಸಿರುತ್ತೇವೆ. ಪರೀಕ್ಷೆ ಚೆನ್ನಾಗಿ ಬರೆದ ಹುಡುಗಿಯೂ ಸುಮ್ನೆ ಕೂತಿದ್ದಕ್ಕೇ ಅಂಕ ಕಳೆದುಕೊಳ್ಳುತ್ತಾಳೆ. ತಪ್ಪು ಜರ್ಮನ್‌ನಲ್ಲೇ ಆಗಲಿ, ದಿನಕ್ಕೊಂದು ಸಲ ಕೈ ಎತ್ತು ಅಂತ ಹೇಳಿ ಕಳಿಸಿ.

ಮಗುವಿಗೆ ಹೊಡೆಯುವುದು ಇಲ್ಲಿ ಕಾನೂನಿಗೆ ವಿರುದ್ಧ. ಹಿಂಸೆಯಿಲ್ಲದೆ ಬೆಳೆಯುವುದು ಮಗುವಿನ ಹಕ್ಕು ಅಂತ 2000ರಲ್ಲೇ ಕಾನೂನಿಗೆ ಸೇರಿಸಿದ್ದಾರೆ. "ಒಂದು ಏಟಲ್ವಾ" ಅನ್ನುವ ಮಾತು ನಡೆಯುವುದಿಲ್ಲ. 16 ಆದವರು ಅಂಗಡಿಯಲ್ಲಿ ಬಿಯರ್, ವೈನ್ ಕೊಳ್ಳಬಹುದು ಅನ್ನುವುದೂ ನಿಮಗೆ ಗೊತ್ತಿರಲಿ. ಗೆಳೆಯರ ಮನೆಯಿಂದ ವಾಸನೆ ಹೊತ್ತು ಬಂದ ದಿನ ಕೂಗಾಡುವುದಕ್ಕಿಂತ, ಬರುವ ಮೊದಲೇ ನಿಮ್ಮ ಮನೆಯ ನಿಯಮ ಏನು ಅಂತ ಕೂತು ಮಾತಾಡಿ.

ಮೊದಲ ಚಳಿಗಾಲ ಎಲ್ಲರಿಗೂ ಕಷ್ಟ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಹುಡುಗ ಎರಡು ಗಂಟೆಗೆ ಶಾಲೆಯಿಂದ ಬರುವಾಗ ದಾವಣಗೆರೆಯಲ್ಲಿ ಸಂಜೆ ಆರೂವರೆ. ಗೆಳೆಯರು ಟ್ಯೂಷನ್ ಮುಗಿಸಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ವಿಡಿಯೋ ಕಾಲ್ ಮಾಡುತ್ತಾರೆ. ಇವನು ಕೋಣೆಯ ಬಾಗಿಲು ಹಾಕಿಕೊಂಡು ಅದನ್ನೇ ನೋಡುತ್ತಾ ಕೂರುತ್ತಾನೆ. ಫೋನ್ ಕಿತ್ತುಕೊಳ್ಳಬೇಡಿ, ಆ ಗೆಳೆಯರು ಅವನಿಗೆ ಬೇಕು. ಅದರ ಜೊತೆಗೆ, ಬಂದ ತಿಂಗಳಲ್ಲೇ ಊರಿನ ಫೆರೈನ್‌ಗೆ ಸೇರಿಸಿ. ಫೆರೈನ್ ಅಂದರೆ ಊರಿನವರೇ ನಡೆಸುವ ಸಂಘ. ಫುಟ್‌ಬಾಲ್, ಟೇಬಲ್ ಟೆನಿಸ್, ಕೆಲವು ಕಡೆ ಕ್ರಿಕೆಟ್ ಕೂಡ ಇರುತ್ತದೆ. ಶುಲ್ಕ ಕಡಿಮೆ. ಭಾಷೆ ಬಾರದ ಹುಡುಗನಿಗೂ ಬಾಲ್ ಪಾಸ್ ಮಾಡಲು ಬರುತ್ತದೆ. ನಾನು ನೋಡಿದ ಮಕ್ಕಳಲ್ಲಿ ಬೇಗ ಚೇತರಿಸಿಕೊಂಡವರೆಲ್ಲ ಹೀಗೆ ಸೇರಿಕೊಂಡವರು.

ಮತ್ತೆ, "ನಿನಗೋಸ್ಕರವೇ ಹೋಗ್ತಿರೋದು" ಅಂತ ಮಗುವಿಗೆ ಹೇಳಬೇಡಿ. ಅಪ್ಪನ ಕೆಲಸಕ್ಕೆ ಹೋಗುತ್ತಿದ್ದರೆ ಹಾಗೇ ಹೇಳಿ. ಸುದ್ದಿ ಅತ್ತೆಯಿಂದಲೋ ಪಕ್ಕದ ಮನೆಯವರಿಂದಲೋ ತಿಳಿಯುವ ಮೊದಲು ನಿಮ್ಮ ಬಾಯಿಂದ ತಿಳಿಯಲಿ. ಮಗು ಬೇಡ ಅಂದರೆ ಯಾಕೆ ಬೇಡ ಅಂತ ಪೂರ್ತಿ ಕೇಳಿಸಿಕೊಳ್ಳಿ.

ಕಾಗದಪತ್ರ ಬೇಗ ಶುರುಮಾಡಿ. ನಮ್ಮ ಕಡೆಯ ದೊಡ್ಡ ತಲೆನೋವು ಇನಿಷಿಯಲ್ಲು. ಜನನ ಪತ್ರದಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಇಲ್ಲಿನ ಪ್ರತಿ ಅರ್ಜಿಯೂ ಕುಟುಂಬದ ಹೆಸರು ಕೇಳುತ್ತದೆ. ಎಲ್ಲವನ್ನೂ ಅಲ್ಲೇ ಒಂದೇ ರೀತಿ ಮಾಡಿಸಿಕೊಳ್ಳಿ. ಶಾಲೆಗೆ ದಡಾರದ ಎರಡು ಡೋಸ್ ಆಗಿರುವ ದಾಖಲೆ ಬೇಕು, 2020ರಿಂದ ಅದು ಕಡ್ಡಾಯ. ತಾಯಿ ಕಾರ್ಡ್ ಬೀರುವಿನಲ್ಲಿ ಹುಡುಕಿ. 2017ರಲ್ಲಿ ಶಾಲೆಗಳಲ್ಲೇ ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದರಲ್ಲ, ಅದರ ಚೀಟಿ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಯಾವುದೂ ಸಿಗದಿದ್ದರೆ ಇಲ್ಲಿ ರಕ್ತ ಪರೀಕ್ಷೆ ಮಾಡಿಸಬಹುದು, ಲಸಿಕೆಯನ್ನೇ ಮತ್ತೆ ಹಾಕಿಸಲೂಬಹುದು.

ಅಜ್ಜ ಅಜ್ಜಿಗೂ ಒಂದು ವಿಷಯ ಹೇಳಿ ಬನ್ನಿ. ದುಗ್ಗಮ್ಮನ ಜಾತ್ರೆ ಬರುವ ಹೊತ್ತಿಗೆ ಇಲ್ಲಿ ಶಾಲೆ ನಡೆಯುತ್ತಿರುತ್ತದೆ. ಜಾತ್ರೆಗೆ ಅಂತ ಹತ್ತು ದಿನ ಶಾಲೆ ತಪ್ಪಿಸಿ ಮಕ್ಕಳನ್ನು ಕರೆತರಲು ಆಗುವುದಿಲ್ಲ. ಅನುಮತಿ ಇಲ್ಲದೆ ತಪ್ಪಿಸಿದರೆ ಅಪ್ಪ ಅಮ್ಮನಿಗೆ ದಂಡ ಬೀಳುತ್ತದೆ. ಬವೇರಿಯಾದಲ್ಲಿ ರಜೆ ಶುರುವಾಗುವ ಮುಂಚೆ ವಿಮಾನ ನಿಲ್ದಾಣದಲ್ಲೇ ಪೊಲೀಸರು ಶಾಲೆಯ ಮಕ್ಕಳನ್ನು ಕಂಡು ವಿಚಾರಿಸಿದ್ದೂ ಉಂಟು. ನಮ್ಮ ರಾಜ್ಯದಲ್ಲಿ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದ ತನಕ. ರಜೆಯ ಪಟ್ಟಿ ಬಹಳ ಮೊದಲೇ ಗೊತ್ತಿರುತ್ತದೆ, ಟಿಕೆಟ್‌ಗೆ ಕೈ ಹಾಕುವ ಮುಂಚೆ ಅದನ್ನು ನೋಡಿಕೊಳ್ಳಿ.