ಹಳೆ ಪೋಕೆಮಾನ್ ಕಾರ್ಟ್ರಿಡ್ಜ್ ಬಿಚ್ಚುವ ಮುನ್ನ

ಬೆಳಗಾವಿ ಗೆಳೆಯರೇ, ಗೇಮ್‌ಬಾಯ್ (ಕೈಯಲ್ಲಿ ಹಿಡಿದು ಆಡುವ ಹಳೆ ಗೇಮ್ ಮೆಷಿನ್) ಹುಡುಕಿ ತೆಗೆದು ಪೋಕೆಮಾನ್ ಗೋಲ್ಡ್ ಅಥವಾ ಸಿಲ್ವರ್ ಮತ್ತೆ ಆಡೋಣ ಅಂತಿದ್ದೀರಾ? ಮೊದಲು ಕಾರ್ಟ್ರಿಡ್ಜ್ (ಆಟ ತುಂಬಿರುವ ಪ್ಲಾಸ್ಟಿಕ್ ಡಬ್ಬಿ) ಒಳಗಿನ ಬ್ಯಾಟರಿ ಕಡೆ ಗಮನ ಕೊಡಿ. ಜಪಾನಿನಲ್ಲಿ 1999ರಲ್ಲಿ ಬಂದ ಈ ಆಟಗಳಲ್ಲಿ ಸೇವ್ (ಎಲ್ಲಿವರೆಗೆ ಆಡಿದ್ದೀರಿ ಎಂಬ ದಾಖಲೆ) ಉಳಿಯುವುದೇ ಸಿಆರ್2025 ಎಂಬ ಬಟನ್ ಸೆಲ್‌ನಿಂದ. ಆಟದೊಳಗಿನ ಹಗಲು-ರಾತ್ರಿಯ ಗಡಿಯಾರವೂ ಅದರಿಂದಲೇ ನಡೆಯುತ್ತದೆ. ಹಾಗಾಗಿ ಸೆಲ್ ಬೇಗ ಖಾಲಿಯಾಗುತ್ತದೆ.

ಸೆಲ್ ತೆಗೆದರೆ ಸೇವ್ ಹೋಯಿತು ಅಂತಲೇ ಲೆಕ್ಕ. ಹಳೆ ಸೇವ್ ಇನ್ನೂ ತೆರೆಯುತ್ತಿದ್ದರೆ, ಎರಡು ಗೇಮ್‌ಬಾಯ್ ಜೋಡಿಸುವ ಲಿಂಕ್ ಕೇಬಲ್ ಹಾಕಿ ಮುದ್ದಿನ ಪೋಕೆಮಾನ್‌ಗಳನ್ನು ಗೆಳೆಯರ ಕಾರ್ಟ್ರಿಡ್ಜ್‌ಗೆ ಕಳಿಸಿ. ಕಾರ್ಟ್ರಿಡ್ಜ್ ರೀಡರ್ ಸಿಕ್ಕರೆ ಇನ್ನೂ ಒಳ್ಳೆಯದು, ಇಡೀ ಸೇವ್ ಕಂಪ್ಯೂಟರ್‌ಗೆ ಕಾಪಿ ಆಗುತ್ತದೆ.

ಹೊಸ ಸೆಲ್ ಕೊಳ್ಳುವಾಗ ಟ್ಯಾಬ್ (ಸೋಲ್ಡರ್ ಮಾಡಲು ಅಂಟಿಸಿರುವ ಲೋಹದ ಪಟ್ಟಿ) ಇರುವುದನ್ನೇ ಕೇಳಿ. ಬರಿ ಸೆಲ್ ಮೇಲೆ ನೇರವಾಗಿ ಸೋಲ್ಡರ್ ಮಾಡುವುದು ಅಪಾಯ, ಬಿಸಿಗೆ ಸಿಡಿಯಬಹುದು. ಕೈ ಪಳಗಿಲ್ಲವಾದರೆ ಸುಮ್ನೆ ಖಡೇಬಜಾರ್ ಕಡೆ ಹೋದಾಗ ಯಾರಾದರೂ ಮೊಬೈಲ್ ರಿಪೇರಿಯವರನ್ನು ವಿಚಾರಿಸಿ. ಟ್ಯಾಬ್ ಸೆಲ್ ಮಾತ್ರ ನೀವೇ ಒಯ್ಯಿರಿ.

ನಂತರ ಬಂದ ಪೋಕೆಮಾನ್ ಆಟಗಳಾದ ರೂಬಿ, ಸಫೈರ್, ಎಮರಾಲ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಅವುಗಳ ಸೇವ್ ಬ್ಯಾಟರಿ ಬೇಡದ ಫ್ಲ್ಯಾಶ್ ಚಿಪ್‌ನಲ್ಲಿರುತ್ತದೆ, ಬ್ಯಾಟರಿ ಇರುವುದು ಗಡಿಯಾರಕ್ಕೆ ಮಾತ್ರ. ಬ್ಯಾಟರಿ ಖಾಲಿ ಅಂತ ಸಂದೇಶ ಬಂದರೂ ಆಟ ನಡೆಯುತ್ತದೆ, ಬೆರ್ರಿ ಗಿಡ ಬೆಳೆಯುವುದರಂಥ ಗಡಿಯಾರ ನಂಬಿದ ಸಂಗತಿಗಳು ನಿಲ್ಲುತ್ತವೆ ಅಷ್ಟೇ.

ನಮ್ಮೂರಿನ ಮಳೆಗಾಲ ಗೊತ್ತಲ್ವಾ, ತೇವಕ್ಕೆ ಪಿನ್‌ಗಳು ಮಂಕಾಗುತ್ತವೆ. ಬಾಯಿಂದ ಊದಬೇಡಿ, ಎಂಜಲು ಸಿಡಿದು ತುಕ್ಕು ಜಾಸ್ತಿಯಾಗುತ್ತದೆ. ಹತ್ತಿ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕಿ. ಸೆಕೆಂಡ್ ಹ್ಯಾಂಡ್ ಮೆಷಿನ್ ಹುಡುಕುತ್ತಿದ್ದರೆ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿ ನೋಡಿ. ಅದರಲ್ಲಿ ಎರಡೂ ಕಾಲದ ಕಾರ್ಟ್ರಿಡ್ಜ್ ಓಡುತ್ತವೆ, ಅದರ ನಂತರದ ಮೆಷಿನ್ ನಿಂಟೆಂಡೊ ಡಿಎಸ್‌ನಲ್ಲಿ ಗೋಲ್ಡ್, ಸಿಲ್ವರ್ ಓಡುವುದಿಲ್ಲ.