ಕನ್ನಡ ಆಡಿಯೋಬುಕ್ಕಿಗೆ ಹಾಕಿದ ದುಡ್ಡು ವಾಪಸ್ ಬಂತು, ನಾನು ಮಾಡಿದ್ದು ಹೀಗೆ

ಮೊದಲೇ ಹೇಳಿಬಿಡ್ತೀನಿ, ಕನ್ನಡದ ಒಂದು ಪೂರ್ತಿ ಕಾದಂಬರಿ, ಎಂಟೂವರೆ ಗಂಟೆ ಆಡಿಯೋ, ಯಾವ ಆ್ಯಪ್‌ಗೂ ಕೊಡದೆ ನಾವೇ ಮಾರಿ ಅಸಲು ತೆಗೆದು ಮೇಲೆ ಲಾಭಾನೂ ನೋಡಿದೀವಿ. ಬೆಂಗಳೂರಲ್ಲಿ ಪುಸ್ತಕದ ವ್ಯವಹಾರದಲ್ಲಿರೋ ಯಾರನ್ನ ಕೇಳಿದ್ರೂ "ಪ್ರಿಂಟೇ ಐನೂರು ಕಾಪಿ ಹೋಗಲ್ಲ, ಇನ್ನ ಕೇಳೋರು ಯಾರ್ರೀ" ಅಂತಿದ್ರು. ಒಬ್ಬ ಹಿರಿಯ ಪ್ರಕಾಶಕರಂತೂ "ಇದು ಮನೆ ಮಾರಿಸೋ ಕೆಲಸ ಕಣಯ್ಯಾ, ಬಿಟ್ಬಿಡು" ಅಂದಿದ್ರು. ಈಗ ಅವರೇ ಫೋನ್ ಮಾಡಿ ಆಡಿಯೋ ಮಾರೋಕೆ ನಾನು ಮಾಡಿಸಿದ ಕಾರ್ಡ್ ಎಲ್ಲಿ ಮಾಡ್ಸಿದೆ ಅಂತ ವಿಚಾರಿಸ್ತಿದಾರೆ, ಅದಕ್ಕೇ ಬರೀತಿದೀನಿ. ಮೈಕು, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರು, ನಾಯ್ಸ್ ಫ್ಲೋರು ಅಂದ್ರೆ ಏನು ಅಂತ ಗೊತ್ತಿರೋರಿಗೆ ಇದು, ಅದನ್ನೆಲ್ಲ ಅ ಆ ಇ ಈ ಇಂದ ಹೇಳ್ತಾ ಕೂರಲ್ಲ.

ಆಡಿಯೋಬುಕ್ ಆ್ಯಪ್‌ಗಳಲ್ಲಿ ಸ್ಟೋರಿಟೆಲ್ 2017ರಲ್ಲಿ ಇಂಡಿಯಾಗೆ ಬಂತು, ಮಾರನೇ ವರ್ಷ ಆಡಿಬಲ್ ಬಂತು, ಆಗ ನಮ್ಮಂಥ ಸಣ್ಣ ಪ್ರಕಾಶಕರಿಗೂ ಒಂದು ಹುರುಪು ಬಂದಿದ್ದು ನಿಜ. 2020ರಲ್ಲಿ ನಮ್ಮೂರಿಂದಲೇ ಮೈಲ್ಯಾಂಗ್ ಶುರುವಾಗಿ ಕನ್ನಡದಲ್ಲೇ ಡಿಜಿಟಲ್ ಪುಸ್ತಕ ಮಾಡ್ತಾ ಬಂದಮೇಲೆ ದುಡ್ಡು ಕೊಟ್ಟು ಕೊಳ್ಳೋ ಕನ್ನಡ ಓದುಗರು ಫೋನಲ್ಲೂ ಇದಾರೆ ಅನ್ನೋ ಧೈರ್ಯ ನನಗೆ ಬಂತು. ಆದ್ರೆ ನಾವು ಮೊದಲು ಎರಡು ಪುಸ್ತಕ ಕೊಟ್ಟಿದ್ದು ಬೇರೆ ಒಂದು ಆ್ಯಪ್‌ಗೆ, ಹೆಸರು ಬೇಡ. ಕೇಳಿದ ನಿಮಿಷದ ಲೆಕ್ಕದಲ್ಲಿ ಪಾಲು ಅಂದ್ರು. ವರ್ಷ ಕಳೆದಮೇಲೆ ಬಂದಿದ್ದು ಎರಡೂ ಸೇರಿ ಮೂರು ಸಾವಿರದ ಎಂಟುನೂರೋ ಒಂಬೈನೂರೋ. ಯಾರು ಕೇಳಿದ್ರು, ಎಷ್ಟನೇ ಅಧ್ಯಾಯಕ್ಕೆ ಬಿಟ್ರು, ಒಂದೂ ಗೊತ್ತಾಗಲ್ಲ, ಕೇಳಿದ್ರೆ ಮೇಲ್‌ಗೆ ಉತ್ತರ ಇಲ್ಲ. ಅದರ ಮೇಲೆ ಅಗ್ರಿಮೆಂಟ್ ಪ್ರಕಾರ ಬೇರೆ ಕಡೆ ಕೊಡೋ ಹಾಗೂ ಇಲ್ಲ. ಹೊರಗಡೆ ದಾರಿ ನೋಡೋಣ ಅಂದ್ರೆ ಆಡಿಯೋಬುಕ್ ಮಾಡಿ ಮಾರೋಕೆ ಅಮೆಜಾನ್‌ನವರ ಎಸಿಎಕ್ಸ್ ಅನ್ನೋ ವೆಬ್‌ಸೈಟ್ 2011ರಿಂದ ಇದೆ, ಆದ್ರೆ ಅದು ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ನಲ್ಲಿರೋರಿಗೆ ಮಾತ್ರ. ಸ್ಪಾಟಿಫೈ 2023ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಪ್ರೀಮಿಯಂನವರಿಗೆ ತಿಂಗಳಿಗೆ 15 ಗಂಟೆ ಆಡಿಯೋಬುಕ್ ಅಂತ ಶುರು ಮಾಡ್ತು. ಎಲ್ಲಾ ಕಡೆ ಗಂಟೆ ಲೆಕ್ಕಕ್ಕೇ ಹೋಗ್ತಿದೆ, ಸಾವಿರಾರು ಟೈಟಲ್ ಇಟ್ಕೊಂಡಿರೋರಿಗೆ ಅದು ಸರಿ, ಹತ್ತು ಟೈಟಲ್ ಇರೋ ನನಗೆ ಅದರಲ್ಲಿ ಏನೂ ಗಿಟ್ಟಲ್ಲ ಅಂತ ಆಗಲೇ ತೀರ್ಮಾನ ಮಾಡಿದ್ದೆ.

ಹಾಗಾಗಿ ನಾವೇ ರೆಕಾರ್ಡ್ ಮಾಡೋದು, ನಾವೇ ಮಾರೋದು. ಇಷ್ಟೇ ಪ್ಲಾನು.

ಸ್ಟುಡಿಯೋ ಬಾಡಿಗೆ ಗಂಟೆಗೆ ಏಳುನೂರು ಕೊಟ್ಟು ಮೊದಲು ನೋಡಿದ್ವಿ. ಒಂದು ಗಂಟೆ ಫೈನಲ್ ಆಡಿಯೋಗೆ ಎರಡೂವರೆಯಿಂದ ಮೂರು ಗಂಟೆ ಸ್ಟುಡಿಯೋ ಬೇಕು, ಅಂದ್ರೆ ಒಂದು ಪುಸ್ತಕಕ್ಕೆ ಹದಿನೈದರಿಂದ ಹದಿನೆಂಟು ಸಾವಿರ ಬಾಡಿಗೆಗೇ ಹೋಯ್ತು, ಸಾಲದ್ದಕ್ಕೆ ಓದೋರು ವಿಜಯನಗರದಿಂದ ಇಂದಿರಾನಗರಕ್ಕೆ ಟ್ರಾಫಿಕ್ಕಲ್ಲಿ ಬಂದು ತಲುಪೋ ಹೊತ್ತಿಗೆ ಗಂಟಲು ಒಣಗಿ ಅರ್ಧ ದಿನದ ದನಿ ಹೋಗಿರ್ತಿತ್ತು. ಅದಕ್ಕೆ ಶ್ರೀನಗರದ ನಮ್ಮ ಮನೆ ಹಿಂದಿನ ಸ್ಟೋರ್ ರೂಮನ್ನೇ ರೆಕಾರ್ಡಿಂಗ್ ಬೂತ್ ಮಾಡಿದ್ವಿ. ಮೊದಲು ಎಸ್‌ಪಿ ರೋಡಿಂದ ಮೊಟ್ಟೆ ಟ್ರೇ ಥರದ ಫೋಮ್ ತಂದು ಗೋಡೆ ತುಂಬಾ ಅಂಟಿಸಿದ್ದು, ಆರೇಳು ಸಾವಿರ ಅದಕ್ಕೇ ಹೋಯ್ತು, ಸಣ್ಣ ರೂಮಿನ ಗುಂಯ್ ಅನ್ನೋದು ಹಾಗೇ ಉಳೀತು, ಮೇಲಿಂದ ಸ ಶ ಎಲ್ಲಾ ಮಂಕಾಯ್ತು. ಆಮೇಲೆ 48 ಡೆನ್ಸಿಟಿ ರಾಕ್‌ವೂಲ್, ಅಂದ್ರೆ ರೂಮೊಳಗಿನ ಸದ್ದು ಹೀರೋ ಕಲ್ಲಿನ ನಾರು, ಎರಡಿಂಚಿನ ಸ್ಲ್ಯಾಬು, ಬಡಗಿ ಕೈಲಿ ಚೌಕಟ್ಟು ಹಾಕಿಸಿ ಚಿಕ್ಕಪೇಟೆ ಕಾಟನ್ ಬಟ್ಟೆ ಸುತ್ತಿ, ಗೋಡೆಗೆ ತಾಗಿಸದೆ ಸ್ವಲ್ಪ ಗ್ಯಾಪ್ ಬಿಟ್ಟು ನಿಲ್ಲಿಸಿದ್ವಿ, ಮೂಲೆಗೆ ಡಬಲ್. ನೆಲಕ್ಕೆ ಜಮಖಾನ. ಎಲ್ಲಾ ಸೇರಿ ಇಪ್ಪತ್ತೆಂಟು ಮೂವತ್ತು ಸಾವಿರ ಆಗಿರಬೇಕು. ಎಸಿಎಕ್ಸ್‌ನವರು ನಮ್ಮನ್ನ ಸೇರಿಸ್ಕೊಳ್ಳದಿದ್ರೂ ಅವರ ಅಳತೇನ ನಾನು ಬಿಟ್ಟಿಲ್ಲ, ನಾಯ್ಸ್ ಫ್ಲೋರ್ (ಯಾರೂ ಮಾತಾಡದಿದ್ದಾಗಲೂ ಉಳಿಯೋ ಸದ್ದು) ಮೈನಸ್ 60 ಡೆಸಿಬೆಲ್, ಅಂದ್ರೆ ಡಿಬಿಗಿಂತ ಕೆಳಗೆ, ಆರ್‌ಎಂಎಸ್ (ದನಿಯ ಸರಾಸರಿ ಮಟ್ಟ) ಮೈನಸ್ 23ರಿಂದ 18ರ ಒಳಗೆ, ಪೀಕ್ (ಅತಿ ಜೋರಾದ ಜಾಗ) ಮೈನಸ್ 3 ದಾಟಬಾರದು. ನಮ್ಮ ರೂಮು ಈಗ ಮೈನಸ್ 64, 65 ಕೊಡುತ್ತೆ. ಬಾಗಿಲಿಗೆ ಮಾಡಿರೋ ಒಂದು ಕೆಲಸದಿಂದಲೇ ಅದರಲ್ಲಿ ನಾಲ್ಕೈದು ಡಿಬಿ ಸಿಕ್ಕಿದ್ದು, ಅದೇನು ಅಂತ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಆದ್ರೆ ರಾಕ್‌ವೂಲ್ ಬೀದಿ ಸದ್ದು ನಿಲ್ಲಿಸಲ್ಲ, ಇದನ್ನ ಎಷ್ಟು ಜನಕ್ಕೆ ಹೇಳಿದೀನೋ. ಬೆಳಿಗ್ಗೆ ಕಸದ ಆಟೋ ಹಾಡು ಹಾಕ್ಕೊಂಡು ಬರುತ್ತೆ, ಅದು ಹೋಗ್ತಿದ್ದ ಹಾಗೆ ಸೊಪ್ಪಿನವರು, ಆಮೇಲೆ ಪಕ್ಕದ ಮನೆ ಬೋರ್‌ವೆಲ್ ಮೋಟರು, ಮಿಕ್ಸಿ, ಕುಕ್ಕರ್ ವಿಷಲ್ಲು. ನಮಗೆ ಸಿಕ್ಕಿದ ಒಳ್ಳೇ ಹೊತ್ತು ಮಧ್ಯಾಹ್ನ ಊಟ ಆದಮೇಲೆ ಒಂದೂವರೆಯಿಂದ ನಾಲ್ಕು, ಬೀದಿ ಪೂರ್ತಿ ಮಲಗಿರುತ್ತೆ. ರಾತ್ರಿ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ, ನಮ್ಮ ಏರಿಯಾದಲ್ಲಿ ನಾಯಿ ಬಿಡಲ್ಲ. ಇನ್ನೊಂದು ಹಲ್ಲಿ. ಕಾದಂಬರೀಲಿ ಸಾವಿನ ಮನೆ ದೃಶ್ಯ, ಓದಿದ್ದು ಅದ್ಭುತವಾಗಿ ಬಂದಿದೆ, ಎರಡು ವಾಕ್ಯದ ನಡುವಿನ ಮೌನದಲ್ಲಿ ಲೊಚ ಲೊಚ ಲೊಚ ಅಂತ ಸ್ಪಷ್ಟವಾಗಿ ರೆಕಾರ್ಡ್ ಆಗಿತ್ತು. ರೂಮ್ ಟೋನ್ ಅಂತ ಪ್ರತಿ ದಿನ ಒಂದು ನಿಮಿಷ ಬರೀ ಮೌನ ರೆಕಾರ್ಡ್ ಮಾಡಿ ಇಟ್ಕೊಂಡಿದ್ದಕ್ಕೆ ಅದನ್ನ ಮೇಲೆ ಹಾಕಿ ಮುಚ್ಚಿದ್ವಿ. ಟ್ಯೂಬ್‌ಲೈಟ್ ಆಫ್ ಮಾಡಿದ್ರೆ ಹುಳ ಬರಲ್ಲ, ಹುಳ ಇಲ್ದಿದ್ರೆ ಹಲ್ಲೀನೂ ಒಳಗೆ ಬರಲ್ಲ, ಈಗ ಟ್ಯಾಬ್ ಬೆಳಕಲ್ಲೇ ಓದೋದು.

ಓದೋರ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಗೆದ್ದಿದ್ದೇ ಇಲ್ಲಿ. ಕಾದಂಬರಿ ಧಾರವಾಡದ ಕಡೇದು. ಮೊದಲು ಜಾಹೀರಾತಿಗೆಲ್ಲ ದನಿ ಕೊಡೋ ಬೆಂಗಳೂರಿನ ಒಬ್ಬರ ಹತ್ರ ಮೂರು ಅಧ್ಯಾಯ ಓದಿಸಿದ್ವಿ, ಗಂಟೆಗೆ ನಾಲ್ಕು ಸಾವಿರ ಹತ್ರ ಕೊಟ್ಟಿದ್ದು. ದನಿ ಬೆಣ್ಣೆ ಥರ. ಹುಬ್ಬಳ್ಳಿ ಕಡೆಯ ಸ್ನೇಹಿತರಿಗೆ ಕಳಿಸಿದ್ರೆ ಹತ್ತು ನಿಮಿಷಕ್ಕೆ ಬಿಟ್ರು, ನಮ್ಮ ಮಂದಿ ಹಿಂಗ ಮಾತಾಡಂಗಿಲ್ಲ ಅಂತ. ಆಮೇಲೆ ಸಿಕ್ಕಿದ್ದು ಅಲ್ಲಿನ ಹೈಸ್ಕೂಲಲ್ಲಿ ಪಾಠ ಮಾಡಿ ರಿಟೈರ್ ಆಗಿ ಈಗ ಮಗನ ಜೊತೆ ಇಲ್ಲೇ ವಿಜಯನಗರದಲ್ಲಿರೋ ಒಬ್ಬ ಟೀಚರ್ರು, ಅವರ ಹಳೇ ವಿದ್ಯಾರ್ಥಿಗಳ ಥರ ನಾನೂ ಅಕ್ಕೋರೆ ಅಂತಲೇ ಕರೆಯೋದು. ಮೈಕ್ ಅನ್ನೋದನ್ನ ಶಾಲೆ ಗ್ಯಾದರಿಂಗಲ್ಲಿ ಬಿಟ್ರೆ ಹತ್ತಿರದಿಂದ ನೋಡಿದೋರಲ್ಲ. ರೇಷ್ಮೆ ಸೀರೆ ಸರಸರ ಅನ್ನುತ್ತೆ ಅಂತ ಹಳೇ ವಾಯಿಲ್ ಸೀರೆ ಉಟ್ಕೊಂಡು ಬರೋರು, ಬಳೆ ಹಿಂದಕ್ಕೆ ಸರಿಸಿ ಕರ್ಚೀಫ್ ಕಟ್ಕೊಳ್ಳೋರು. ಪಂಚ್ ಅಂಡ್ ರೋಲ್ ಅನ್ನೋ ರೆಕಾರ್ಡಿಂಗ್ ವಿಧಾನ ಎರಡೇ ದಿನಕ್ಕೆ ಕಲಿತ್ರು. ತಪ್ಪಿದ ತಕ್ಷಣ ನಿಲ್ಲಿಸಿ, ಹಿಂದಿನ ಮೂರು ಸೆಕೆಂಡ್ ತಮ್ಮದೇ ದನಿ ಕಿವೀಲಿ ಕೇಳಿಸ್ಕೊಂಡು, ಅದೇ ಉಸಿರಲ್ಲಿ ಮುಂದಿನ ಮಾತು ಎತ್ತೋರು, ಕೂಡಿಸಿದ ಜಾಗ ನನಗೇ ಗೊತ್ತಾಗ್ತಿರಲಿಲ್ಲ. ಒಮ್ಮೆ ನಾನು ಓಕೆ ಅಂದಿದ್ದ ಟೇಕನ್ನ ಅವರೇ ನಿಲ್ಲಿಸಿ, "ತಮ್ಮಾ, ಈ ಮಾತು ಸಿಟ್ಟಿಲೆ ಅನ್ನೋದಲ್ಲ, ಬ್ಯಾಸರಕಿಲೆ ಅನ್ನೋದು, ತಡಿ ಇನ್ನೊಮ್ಮಿ ಓದತೇನಿ" ಅಂದ್ರು. ಎರಡನೇ ಸಲ ಓದಿದಾಗ ಆ ಪಾತ್ರವೇ ಬೇರೆ ಆಯ್ತು. ಇಂಥೋರು ಬೆಂಗಳೂರಿನ ಪ್ರತಿ ಬಡಾವಣೇಲೂ ಇದಾರೆ, ಮಂಗಳೂರಿನೋರು, ಕಲಬುರಗಿಯೋರು, ಚಾಮರಾಜನಗರದೋರು, ಮಕ್ಕಳ ಮನೆಗೆ ಬಂದು ಮಧ್ಯಾಹ್ನ ಸುಮ್ನೆ ಕೂತಿರೋರು. ಅವರನ್ನ ಹುಡುಕಿ ಅಂತೀನಿ.

ಪೇಮೆಂಟ್ ಮಾತ್ರ ಪದದ ಲೆಕ್ಕದಲ್ಲಿ ಮಾಡ್ಬೇಡಿ. ಎಸಿಎಕ್ಸ್ ಲೆಕ್ಕ ಗಂಟೆಗೆ 9,300 ಪದ, ಅದು ಇಂಗ್ಲಿಷಿಗೆ. ನಮ್ಮಲ್ಲಿ ವಿಭಕ್ತಿ, ಸಂಧಿ, ಎಲ್ಲಾ ಒಂದೇ ಪದಕ್ಕೆ ಅಂಟ್ಕೊಂಡು ಬರೋದ್ರಿಂದ ಗಂಟೆಗೆ ಆರು ಸಾವಿರಾನೂ ಆಗಲ್ಲ. ಐವತ್ತು ಸಾವಿರ ಪದದ ಕಾದಂಬರಿ ಐದೂವರೆ ಗಂಟೆ ಅಂತ ಬಜೆಟ್ ಹಾಕಿ ಕೂತ್ರೆ ಎಂಟೂವರೆ ಆಗುತ್ತೆ, ನಷ್ಟ ಯಾರಿಗೆ, ಓದೋರಿಗೆ. ನಾವು ಫೈನಲ್ ಗಂಟೆಗೆ ಎರಡೂವರೆ ಸಾವಿರ ಕೊಟ್ವಿ, ರಿಹರ್ಸಲ್ ದಿನಕ್ಕೆ ಬೇರೆ.

ಮಧ್ಯೆ ಎಐ ದನೀನೂ ಪರೀಕ್ಷೆ ಮಾಡಿದ್ದೆ. 2023ರ ಜನವರೀಲಿ ಆಪಲ್ ಡಿಜಿಟಲ್ ನರೇಷನ್, ಅಂದ್ರೆ ಕಂಪ್ಯೂಟರ್ ದನೀಲಿ ಪುಸ್ತಕ ಓದಿಸೋದು, ತಂತು, 2025ರ ಮೇನಲ್ಲಿ ಆಡಿಬಲ್ ಪ್ರಕಾಶಕರಿಗೆ ಎಐ ನರೇಷನ್ ಕೊಡ್ತೀವಿ ಅಂತ ಘೋಷಣೆ ಮಾಡ್ತು, ಅದನ್ನ ನೋಡಿ ಸ್ನೇಹಿತರೆಲ್ಲ "ಟೀಚರ್‌ಗೆ ಯಾಕೆ ದುಡ್ಡು ಕೊಡ್ತೀಯ" ಅಂದ್ರು. ಸರಿ, ಸಿಗೋ ಕನ್ನಡ ದನೀಲಿ ಒಂದು ಅಧ್ಯಾಯ ಮಾಡಿಸಿದೆ, ಖರ್ಚು ಕೆಲವು ನೂರು ಅಷ್ಟೇ. ವರ್ಣನೆ ಇರೋ ಪ್ಯಾರಾಗಳು ಪರವಾಗಿಲ್ಲ ಅನ್ನೋ ಹಾಗೆ ಬಂತು. ಸಂಭಾಷಣೆ ಬಂದ ತಕ್ಷಣ ಅತ್ತೆ ಸೊಸೆ ಇಬ್ಬರೂ ರೈಲ್ವೆ ಅನೌನ್ಸ್‌ಮೆಂಟ್ ಥರ ಮಾತಾಡಿದ್ರು, ಧಾರವಾಡದ ಮಾತನ್ನಂತೂ ಮುರಿದು ಹಾಕ್ತು, ಇಸವಿ ಬಂದ್ರೆ ಒಂದೊಂದ್ಸಲ ಒಂದೊಂದು ಥರ ಓದುತ್ತೆ. ತಿದ್ದಿ ತಿದ್ದಿ ಸರಿ ಮಾಡೋಕೆ ತಗೊಂಡ ಹೊತ್ತಲ್ಲಿ ಅಕ್ಕೋರು ಎರಡು ಅಧ್ಯಾಯ ಮುಗಿಸಿರೋರು. ಇಪ್ಪತ್ತು ಜನಕ್ಕೆ ಯಾವುದು ಅಂತ ಹೇಳದೆ ಎರಡನ್ನೂ ಕೇಳಿಸಿದೆ, ಒಬ್ಬಿಬ್ಬರು ಬಿಟ್ರೆ ಎಲ್ಲರೂ ಅಕ್ಕೋರದ್ದೇ ಬೇಕು ಅಂದ್ರು. ಕಾನೂನು ಕೈಪಿಡಿ ಅಂಥದ್ದಕ್ಕೆ ಎಐ ಆದೀತು. ಕಥೆಗೆ ಈಗ ನನ್ನ ದುಡ್ಡು ಹಾಕಲ್ಲ.

ಹಕ್ಕಿನ ವಿಷಯ ಒಂದೇ ಮಾತು. ನಮ್ಮಲ್ಲಿ ಲೇಖಕರು ಪ್ರಕಾಶಕರ ಮಧ್ಯೆ ಎಷ್ಟೋ ಸಲ ಬಾಯಿ ಮಾತೇ ಅಗ್ರಿಮೆಂಟು. ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೇಲೇ ಇರಬೇಕು, ಅವಧಿ ಬರೀದಿದ್ರೆ ಐದು ವರ್ಷ ಅಂತಲೂ, ಜಾಗ ಬರೀದಿದ್ರೆ ಭಾರತಕ್ಕೆ ಮಾತ್ರ ಅಂತಲೂ ಲೆಕ್ಕ. ದುಬೈ, ಅಮೆರಿಕದ ಕನ್ನಡಿಗರಿಗೂ ಮಾರೋರು ನಾವು, ಅದಕ್ಕೆ ಆಡಿಯೋ ಹಕ್ಕು, ಹತ್ತು ವರ್ಷ, ಪ್ರಪಂಚ ಪೂರ್ತಿ ಅಂತ ಬಿಡಿಸಿ ಬರೆಸಿದೀವಿ, ಲೇಖಕರಿಗೆ ಹತ್ತು ಸಾವಿರ ಮುಂಗಡ, ನಿವ್ವಳ ಬಂದಿದ್ದರಲ್ಲಿ ಕಾಲು ಭಾಗ.

ಈಗ ಮಾರಾಟ. ಎಟಿಎಂ ಕಾರ್ಡ್ ಸೈಜಿನ ಒಂದು ಕಾರ್ಡು, ಮುಂದೆ ಪುಸ್ತಕದ ಮುಖಪುಟ, ಹಿಂದೆ ಕ್ಯೂಆರ್, ಕೆರೆದ್ರೆ ಒಂದು ಕೋಡು. ಸ್ಕ್ಯಾನ್ ಮಾಡಿ ಕೋಡ್ ಹಾಕಿದ್ರೆ ಫೋನಿನ ಬ್ರೌಸರಲ್ಲೇ ಓಡುತ್ತೆ, ಆ್ಯಪ್ ಇಳಿಸ್ಕೊಳ್ಳೋ ತಂಟೆ ಇಲ್ಲ. ಬೆಲೆ 199. ಸಾವಿರ ಕಾರ್ಡಿಗೆ ನಾಲ್ಕು ಸಾವಿರ ಹತ್ರ ಬಿತ್ತು. ಗಾಂಧಿಬಜಾರು, ಗಾಂಧಿನಗರ, ಜಯನಗರದ ಪುಸ್ತಕದಂಗಡಿಗಳಲ್ಲಿ ಅದೇ ಕಾದಂಬರಿಯ ಪ್ರಿಂಟ್ ಕಾಪಿ ಪಕ್ಕದಲ್ಲೇ ನಿಲ್ಲಿಸಿದ್ವಿ, ಅಂಗಡಿಗೆ ಶೇಕಡಾ 30. "ಗಾಳಿಗೆ ಯಾರ್ರೀ ದುಡ್ಡು ಕೊಡ್ತಾರೆ" ಅಂದ ಅಂಗಡಿಯೋರೇ ತಿಂಗಳೊಳಗೆ ಇನ್ನೈವತ್ತು ಕಳಿಸಿ ಅಂದ್ರು. ಕೊಂಡೋರು ಯಾರು ಅಂದ್ರೆ ನಾನು ಅಂದ್ಕೊಂಡಿದ್ದ ಐಟಿ ಹುಡುಗರೇ, ಆದ್ರೆ ಅವರಿಗೆ ಅಲ್ಲ, ಅಪ್ಪ ಅಮ್ಮನಿಗೆ. ಕಣ್ಣಿನ ಆಪರೇಷನ್ ಆಗಿದೆ, ಓದೋಕಾಗ್ತಿಲ್ಲ, ಮೊದಲು ಧಾರಾವಾಹಿ ಬರೋ ವಾರಪತ್ರಿಕೆಗೆ ಕಾಯ್ತಿದ್ರು, ಇಂಥ ಮನೆಗಳಿಗೆ ಹೋಗಿದ್ದೇ ಹೆಚ್ಚು. ಕೈಗೆ ಸಿಗೋ ವಸ್ತು ಆಗಿದ್ದರಿಂದಲೇ ಉಡುಗೊರೆ ಆಯ್ತು, ಲಿಂಕ್ ಕಳಿಸಿದ್ರೆ ಯಾರೂ ಉಡುಗೊರೆ ಅಂದ್ಕೊಳ್ಳಲ್ಲ. ನವೆಂಬರಲ್ಲಿ ಕಂಪನಿಗಳ ಕನ್ನಡ ಸಂಘದೋರು ರಾಜ್ಯೋತ್ಸವದ ಬಹುಮಾನಕ್ಕೆ ಅಂತ ಕಟ್ಟುಗಟ್ಟಲೆ ತಗೊಂಡ್ರು.

ಕಾರಲ್ಲಿ ಕೇಳೋರಿಗೆ ಅಂತ ಪೆನ್‌ಡ್ರೈವಲ್ಲೂ 499ಕ್ಕೆ ಮಾರಿ ನೋಡಿದ್ದೆ, ನಲವತ್ತು ಹೋಯ್ತೇನೋ, ಡ್ರೈವಿಗೇ ಇನ್ನೂರೈವತ್ತು ಬೀಳುತ್ತೆ, ಜೊತೆಗೆ ಒಂದರಿಂದ ಹತ್ತು ಕಾಪಿ ಆಗುತ್ತೆ, ನಿಲ್ಲಿಸಿದೆ. ಅಧ್ಯಾಯಗಳನ್ನ ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿದ್ದು ಕೆಲಸ ಮಾಡ್ತು, ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಮೆಟ್ರೋಲಿ ಹೆಚ್ಚು ಕಡಿಮೆ ಅಷ್ಟೇ ಹೊತ್ತು, ಅಡುಗೆಮನೇಲಿ ತರಕಾರಿ ಹೆಚ್ಚಿ ಒಗ್ಗರಣೆ ಹಾಕೋಕೂ ಅಷ್ಟೇ. ಈಗ ನಮ್ಮದೇ ಪೇಜ್ ಆಗಿರೋದ್ರಿಂದ ಎಲ್ಲಿ ಬಿಡ್ತಾರೆ ಅಂತ ಕಾಣುತ್ತೆ, ಶುರು ಮಾಡಿದೋರಲ್ಲಿ ಹತ್ತರಲ್ಲಿ ಆರೇಳು ಜನ ಕೊನೇ ತನಕ ಕೇಳಿದಾರೆ. ಕದ್ದ ಕಾಪಿ ಟೆಲಿಗ್ರಾಂಗೆ ಒಮ್ಮೆ ಬಂತು, ಬಂದ ವಾರದಲ್ಲೇ ಹಾಕಿದೋರೇ ತೆಗೆದ್ರು. ಹೇಗೆ ತೆಗೆಸಿದ್ವಿ ಅಂತ ತುಂಬಾ ಜನ ಕೇಳ್ತಾರೆ, ಅದನ್ನ ಬರೆದ್ರೆ ಮುಂದಿನ ಸಲ ನಡಿಯಲ್ಲ, ಹಾಗಾಗಿ ಕ್ಷಮಿಸಿ.

ಲೆಕ್ಕ ಕೇಳೋರಿಗೆ, ನೆನಪಿರೋ ಹಾಗೆ ಹೇಳ್ತೀನಿ. ಓದಿದ್ದಕ್ಕೆ ಇಪ್ಪತ್ತೊಂದು, ಎಡಿಟಿಂಗ್ ಮತ್ತು ಪ್ರೂಫ್ ಕೇಳಿದ್ದಕ್ಕೆ ಏಳು, ಕಾರ್ಡ್ ನಾಲ್ಕು, ಸರ್ವರ್ರು ಓಡಾಟ ಎಲ್ಲಾ ಮೂರು, ಒಟ್ಟು ಮೂವತ್ತೈದು ಸಾವಿರ. ಆರುನೂರು ಕಾರ್ಡ್ ಹೋದಾಗ ಅಂಗಡಿ ಕಮಿಷನ್ ಕಳೆದು ಲಕ್ಷದ ಹತ್ರ ಬಂತು, ಅದರಲ್ಲಿ ಲೇಖಕರಿಗೆ ಮುಂಗಡವೂ ಸೇರಿ ಇಪ್ಪತ್ತೈದು. ನಮಗೆ ಉಳಿದಿದ್ದು ನಲವತ್ತು ಸಾವಿರ, ಬೂತಿನ ಖರ್ಚು ಅಲ್ಲಿಗೇ ತೀರಿತು. ಮೈಕು, ಅದನ್ನ ಕಂಪ್ಯೂಟರಿಗೆ ಜೋಡಿಸೋ ಇಂಟರ್‌ಫೇಸು, ಇವುಗಳ ಖರ್ಚು ಎರಡನೇ ಪುಸ್ತಕದಲ್ಲಿ ತೀರುತ್ತೆ.

ಎರಡನೇದು ಕುಂದಾಪುರ ಕಡೆಯ ಕಥೆ, ಓದೋರು ಸಿಕ್ಕಿದಾರೆ, ಹೊಸಕೆರೆಹಳ್ಳಿಯಲ್ಲಿ ಮಗಳ ಮನೇಲಿರೋ ನಿವೃತ್ತ ಪೋಸ್ಟ್‌ಮಾಸ್ಟರು. ಗಂಟೆಗೆ ಮೂರು ಸಾವಿರಕ್ಕೆ ಏರಿಸಿದೀವಿ, ಅಕ್ಕೋರ ಮುಂದಿನ ಪುಸ್ತಕಕ್ಕೂ ಅದೇ ರೇಟು.