ಕೆರೆ ಏರಿ ಮೇಲೆ ನಡ್ಕೊಂಡೇ ಹ್ಯಾಮ್ ರೇಡಿಯೋ
ಹ್ಯಾಮ್ ರೇಡಿಯೋ ಅಂದ್ರೆ ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದೋರ ಜೊತೆ ಮಾತಾಡೋದು. ಮೊದ್ಲು ಲೈಸೆನ್ಸು, ಕಾಲ್‌ಸೈನ್ (ನಿಮ್ಮ ಗುರುತಿನ ಅಕ್ಷರ-ಅಂಕಿ) ಇಲ್ದೆ ಪಿಟಿಟಿ, ಅಂದ್ರೆ ಮಾತಾಡೋಕೆ ಒತ್ತೋ ಬಟನ್, ಒತ್ಬೇಡಿ. ಸಮುದ್ರದ ದಡದಲ್ಲಾದ್ರೆ ಉಪ್ಪುನೀರೇ ಅರ್ಧ ಕೆಲ್ಸ ಮಾಡತ್ತೆ, ವರ್ಟಿಕಲ್ (ನೆಟ್ಟಗೆ ನಿಲ್ಲೋ) ಆಂಟೆನಾದ ಸಿಗ್ನಲ್ಲು ದಿಗಂತಕ್ಕೆ ಹತ್ತಿರದ ತಗ್ಗು ಕೋನದಲ್ಲೇ ಹೊರಟು ದೂರ ಹೋಗತ್ತೆ, ನಮ್ಮ ತುಮಕೂರು ಅಮಾನಿಕೆರೆಯದು ಸಿಹಿನೀರು ಕಣ್ರೀ, ಅಷ್ಟು ಲಾಭ ಸಿಗಲ್ಲ. ಬೆನ್ನಿನ ಬ್ಯಾಗಿಗೆ ಕಾಯಿಲ್ ಇರೋ ವಿಪ್ (ಬಳುಕೋ ಕಡ್ಡಿ ಆಂಟೆನಾ) ಸಿಕ್ಕಿಸಿ, 20 ಮೀಟರ್ ಅಲೆಯುದ್ದದ ಬ್ಯಾಂಡ್‌ಗೆ ಸುಮಾರು 5 ಮೀಟರ್ ವೈರು ಹಿಂದೆ ಎಳ್ಕೊಂಡು ನಡೀರಿ, ಅದೇ ಕೌಂಟರ್‌ಪಾಯ್ಸ್, ಅಂದ್ರೆ ಅರ್ತಿಂಗ್ ಬದಲು ಆಂಟೆನಾಗೆ ಜೋಡಿಯಾಗೋ ವೈರು. ನಂದು ಒಂದ್ಸಲ ಜಾಲಿಮುಳ್ಳಿಗೆ ಸಿಕ್ಕಾಕೊಂಡು ಕನೆಕ್ಟರ್ ಸಮೇತ ಕಿತ್ತು ಬಂತು, ಈಗ ಎಳೆದ್ರೆ ತಾನೇ ಬಿಚ್ಕೊಳ್ಳೋ ಬನಾನಾ ಪ್ಲಗ್ಗೇ ಹಾಕ್ತೀನಿ. ನಡೆಯೋವಾಗ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದತ್ತೆ ಅನ್ನೋ ಅಳತೆ) ಅಲ್ಲಾಡತ್ತೆ, ನಿಂತು ಟ್ಯೂನ್ ಮಾಡಿ, 5 ವ್ಯಾಟ್ ಸಾಕು. ವಾಕಿಂಗ್ ಬಂದೋರು ‘ಪೊಲೀಸಾ ಸಾರ್?’ ಅಂತಾರೆ, ಲೈಸೆನ್ಸ್ ಜೆರಾಕ್ಸ್ ಜೇಬಲ್ಲಿರ್ಲಿ. ಕರೆಂಟ್ ತಂತಿ ಕೆಳಗೆ ಹೋಗ್ಬೇಡಿ, ಗುಡುಗು ಕೇಳಿದ್ರೆ ವಿಪ್ ಬಿಚ್ಚಿ ಮನೆಗೆ ನಡೀರಿ.